ಅಣ್ಣನಿಗೆ ಬರೆದುಕೊಟ್ಟ ಕಿವಿ ಸರ್ಟಿಫಿಕೇಟು

ಮೊದಲೇ ಹೇಳಿಬಿಡುತ್ತೇನೆ, ನಾನು ಕಿವಿಯ ಡಾಕ್ಟರಲ್ಲ. ಸಿದ್ಧಕಟ್ಟೆಯ ಸುತ್ತಮುತ್ತ ಇದನ್ನು ನಂಬುವ ಒಂದು ನರಪಿಳ್ಳೆಯೂ ಇಲ್ಲ. ಹೆಸರಿನ ಮುಂದೆ ‘ಡಾ.’ ಉಂಟು, ಕಿವಿಯ ಬಗ್ಗೆ ಓದಿದ್ದಾಳೆ, ಇನ್ನೇನು ಬೇಕು ಅವರಿಗೆ? ಭಾನುವಾರ ಬೆಳಿಗ್ಗೆ ಒಂದು ಲೋಟ ಚಾ ನೆಮ್ಮದಿಯಿಂದ ಕುಡಿಯಲು ಬಿಡುವುದಿಲ್ಲ. ಯಾರಾದರೊಬ್ಬರು ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದಿರುತ್ತಾರೆ.

“ಸ್ವಲ್ಪ ಲೈಟ್ ಹಾಕಿ ನೋಡಿ ಮೇಡಂ, ರಾತ್ರಿಯಿಡೀ ಕೂಗಿದ್ದಾಳೆ.”

“ನಾನು ಓದಿದ್ದು ಡಾಲ್ಫಿನ್ನಿನ ಕಿವಿ ಮಾರಾಯ್ತಿ. ಬಂಟ್ವಾಳಕ್ಕೆ ಕರೆದುಕೊಂಡು ಹೋಗು.”

“ಕಿವಿ ಅಂದ್ರೆ ಕಿವಿಯೇ ಅಲ್ವಾ ಮೇಡಂ? ನೀವೇ ಒಂದು ಡ್ರಾಪ್ಸ್ ಬರೆದುಕೊಡಿ.”

ಇಂಥವರ ಎದುರು ಪಿಎಚ್‌.ಡಿ. ಎಂಬುದರ ಅರ್ಥ ಬಿಡಿಸಿ ಹೇಳುವುದಕ್ಕಿಂತ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಮೇಲು. ನಾನು ಅದನ್ನೂ ಮಾಡಿದ್ದೇನೆ. ಹೊರಗಿನಿಂದ “ಡಾಕ್ಟ್ರಿಗೆ ಇವತ್ತು ಹುಷಾರಿಲ್ಲ, ಪಾಪ” ಎಂಬ ಮಾತು ಕೇಳಿಸಿತು.

ನಿಜವಾಗಿ ನಾನು ಮಾಡಿದ್ದು ಇಷ್ಟು: ಮೂರು ವರ್ಷ ಒಂದು ಸಂಶೋಧನಾ ತಂಡದ ಜೊತೆ ಸಣ್ಣ ದೋಣಿಯಲ್ಲಿ ಕುಳಿತು, ನೀರೊಳಗೆ ಮೈಕು ಇಳಿಸಿ, ವಾಂತಿ ಮಾಡುತ್ತಾ ಡಾಲ್ಫಿನ್‌ಗಳ ಸದ್ದು ಹಿಡಿದದ್ದು. ಆಮೇಲೆ ಆ ಸದ್ದುಗಳ ಗೆರೆಗಳನ್ನು ಕಂಪ್ಯೂಟರಿನಲ್ಲಿ ನೋಡಿ ನೋಡಿ ಕಣ್ಣು ಹಾಳುಮಾಡಿಕೊಂಡದ್ದು. ಡಾಲ್ಫಿನ್ನಿಗೆ ಹೊರಗೆ ಕಾಣುವ ಕಿವಿಯೇ ಇಲ್ಲ. ಕಣ್ಣಿನ ಹಿಂದೆ ಸೂಜಿ ಚುಚ್ಚಿದಷ್ಟು ತೂತು, ಅದೂ ಹೆಚ್ಚುಕಡಿಮೆ ಕೆಲಸಕ್ಕೆ ಬಾರದ್ದು. ಅದು ಸದ್ದನ್ನು ಹಿಡಿಯುವುದು ಕೆಳದವಡೆಯಿಂದ. ದವಡೆಯ ಎಲುಬಿನೊಳಗೆ ಒಂದು ಬಗೆಯ ಕೊಬ್ಬು ಇದೆ, ನೀರಿನ ಸದ್ದು ಅದರ ಮೂಲಕ ಒಳಗಿವಿಗೆ ಹೋಗುತ್ತದೆ. ನಮ್ಮ ಕಿವಿಯ ಶಕ್ತಿ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಎಷ್ಟೋ ಮೇಲಿನ ಚೂಪು ಸದ್ದಿನಲ್ಲಿ ಅದರ ವ್ಯವಹಾರ. ದೊಡ್ಡ ತಿಮಿಂಗಿಲಗಳದ್ದು ಉಲ್ಟಾ. ನಮಗೆ ಎದೆ ಅದುರಿದಂತೆ ಮಾತ್ರ ತಿಳಿಯುವ ತಗ್ಗಿನ ಸದ್ದು ಅವಕ್ಕೆ ಬಹುದೂರದಿಂದ ಕೇಳಿಸುತ್ತದೆ. ನಡುವೆ ಸಿಕ್ಕಿಕೊಂಡವನು ಮನುಷ್ಯ. ಅವನಿಗೆ ಸಿಕ್ಕಿದ್ದು ನಡುವಿನ ಒಂದು ತುಂಡು, ಅದನ್ನು ಉಳಿಸಿಕೊಳ್ಳುವ ಬುದ್ಧಿಯೂ ಇಲ್ಲ.

ಬುದ್ಧಿ ಎಂದಾಗ ಮೂಡುಬಿದಿರೆಯ ಒಂದು ಕಾರ್ಯಕ್ರಮ ನೆನಪಾಗುತ್ತದೆ. ಶಬ್ದಮಾಲಿನ್ಯದ ಬಗ್ಗೆ ಉಪನ್ಯಾಸ, ಭಾಷಣ ನನ್ನದು. ಸಣ್ಣ ಸಭಾಂಗಣ, ಎಂಬತ್ತು ಜನ. ವೇದಿಕೆಯ ಎರಡು ಬದಿಗೂ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ನಾನು ‘ನಮಸ್ಕಾರ’ ಎಂದದ್ದಕ್ಕೆ ಮುಂದಿನ ಸಾಲಿನ ಹಿರಿಯರೊಬ್ಬರು ಕುರ್ಚಿಯಿಂದ ಹಾರಿದರು. ಸ್ವಲ್ಪ ಕಮ್ಮಿ ಮಾಡಪ್ಪಾ ಎಂದರೆ ಮೈಕಿನವನು, “ಕಮ್ಮಿ ಮಾಡಿದ್ರೆ ಪ್ರೋಗ್ರಾಂ ಆದ ಹಾಗೆ ಆಗುದಿಲ್ಲ ಮೇಡಂ” ಎಂದ. ಒಂದು ಗಂಟೆ ಹಾಗೆಯೇ ಅರಚಿದೆ. ಪ್ರಶ್ನೆ ಕೇಳಬಹುದು ಎಂದಾಗ ಒಬ್ಬರು ಎದ್ದು, ಮೀನಿನ ಹಾಗೆ ಡಾಲ್ಫಿನ್ನಿನದ್ದೂ ಪುಳಿಮುಂಚಿ ಸಾರು ಮಾಡಲಿಕ್ಕೆ ಆಗುತ್ತದಾ ಎಂದು ವಿಚಾರಿಸಿದರು. ಧನ್ಯವಾದ ಹೇಳಿದವರು ನನ್ನದು ಕಿವಿಗಿಂಪಾದ ಉಪನ್ಯಾಸ ಎಂದರು. ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಇಡೀ ಜಿಲ್ಲೆಗೇ ಶಾಪ ಹಾಕಿದೆ.

ಆ ಬಸ್ಸು ನನ್ನ ಅಣ್ಣ ಓಡಿಸುವುದು. ಬಿ.ಸಿ. ರೋಡಿನಿಂದ ಬಂಟ್ವಾಳ, ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸು. ನಮ್ಮ ಜನರ ಬಾಯಲ್ಲಿ ಮೂಡುಬಿದಿರೆ ಎಂದರೆ ಬೆದ್ರ, ಆದ್ದರಿಂದ ಬಾಗಿಲಲ್ಲಿ ನೇತಾಡುವ ಕಂಡಕ್ಟರನ ಕೂಗು ‘ಬೆದ್ರ ಬೆದ್ರ ಬೆದ್ರ!’ ನಾನು ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಪಾಠ ಮಾಡಿ ಅದರಲ್ಲೇ ಮನೆಗೆ ಬರುವವಳು. ಅಣ್ಣ ಮೂವತ್ತು ವರ್ಷದಿಂದ ಡ್ರೈವರು. ಎಡಗಡೆ ಮೊಣಕೈಗೆ ತಾಗುವಷ್ಟು ಹತ್ತಿರ ಇಂಜಿನ್ನು, ತಲೆಯ ಮೇಲೆ ಹಾಡಿನ ಸ್ಪೀಕರ್ ಪೆಟ್ಟಿಗೆ, ಕೈಯಡಿಯಲ್ಲಿ ದನ ಕರು ಬೆದರಿ ಓಡುವಂಥ ಹಾರ್ನು. ಆ ಮೂವತ್ತು ವರ್ಷದಲ್ಲಿ ಅವನ ಬಸ್ಸು ಒಂದು ಕೋಳಿಗೂ ತಾಗಿದ್ದಿಲ್ಲ. ಅದನ್ನು ಅವನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಮನೆಯಲ್ಲಿ ಅವನು ಹೆಂಗಸರ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಅತ್ತಿಗೆ ಮೂರು ಸಲ ಊಟಕ್ಕೆ ಕರೆದರೂ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಅಂಗಳದಿಂದ ನೆರೆಮನೆಯವನು ಗಡಸು ದನಿಯಲ್ಲಿ “ಓಯ್” ಎಂದರೆ ಕೂಡಲೇ “ಓ” ಎನ್ನುತ್ತಿದ್ದ. ಅತ್ತಿಗೆ ಅದನ್ನು ಅಹಂಕಾರ ಎಂದುಕೊಂಡು ಎಷ್ಟೋ ವರ್ಷ ಒಳಗೊಳಗೇ ಬೆಂದಳು. ಊರಿನ ಗಂಡಸರೋ, ಹೆಂಡತಿಯ ಮಾತಿಗೆ ಬಗ್ಗದ ಗಂಡು ಎಂದು ಅವನನ್ನು ಮೆಚ್ಚಿಕೊಂಡರು. ಥೂ! ಇನ್ನು ಮನೆಯಲ್ಲೇ ಇದ್ದ ಕಿವಿಯ ಪಂಡಿತೆ, ಅಂದರೆ ನಾನು, ‘ಅಣ್ಣನ ಸ್ವಭಾವವೇ ಹಾಗೆ’ ಎಂದು ಹೇಳಿಕೊಂಡು ತಿರುಗಿದೆ.

ಗೊತ್ತಾದದ್ದು ಒಂದು ಬೆಳಿಗ್ಗೆ, ಬಸ್ಸಿನಲ್ಲಿ. ತರಗತಿಯಲ್ಲಿ ಮಕ್ಕಳಿಗೆ ತೋರಿಸಲೆಂದು ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ್ದೆ. ಬೇಕಾದಷ್ಟು ತಗ್ಗಿನ, ಬೇಕಾದಷ್ಟು ಚೂಪಿನ ಸದ್ದು ಅದರಿಂದ ಬರುತ್ತದೆ. ಡ್ರೈವರಿನ ಹಿಂದಿನ ಹೆಂಗಸರ ಸೀಟಿನಲ್ಲಿ ಕುಳಿತವಳು ಅದನ್ನು ಪರೀಕ್ಷಿಸಲು ಹೋಗಿ, ಬೆರಳು ಜಾರಿ, ವಿಸಿಲಿನಂಥ ಸದ್ದನ್ನು ಪೂರ್ತಿ ಜೋರಿಗೆ ಇಟ್ಟುಬಿಟ್ಟೆ. ಇಡೀ ಬಸ್ಸು ಕಿವಿ ಮುಚ್ಚಿಕೊಂಡಿತು. “ಎಂಥ ಸಾವು ಅದು ಮಾರಾಯ್ರೆ, ಬಂದ್ ಮಾಡಿ!” ಎಂದು ಮೀನಿನ ಬುಟ್ಟಿಯ ಹೆಂಗಸು ಬೈದಳು. ನಾನು ಗಾಬರಿಯಲ್ಲಿ ತಡಕಾಡುತ್ತಾ ಅಣ್ಣನನ್ನು ನೋಡಿದೆ. ನನಗಿಂತ ಎರಡು ಗೇಣು ಮುಂದೆ ಕುಳಿತವನು ಆರಾಮವಾಗಿ ಗೇರು ಬದಲಿಸುತ್ತಿದ್ದ. ಅವನ ಕತ್ತಿನ ಒಂದು ಕೂದಲೂ ಅಲುಗಲಿಲ್ಲ.

ಇಂಜಿನ್ನಿನ ಪಕ್ಕ ಬಾಳಿದ ಕಿವಿ ಮೊದಲು ಕಳೆದುಕೊಳ್ಳುವುದು ಇದೇ ಚೂಪು ಸದ್ದನ್ನು. ತಗ್ಗಿನದ್ದು ಉಳಿದಿರುತ್ತದೆ. ಗಂಡಸರ ದನಿ, ತಗಡಿಗೆ ಬಡಿದ ಸದ್ದು, ಇವೆಲ್ಲ ಸರಿಯಾಗಿಯೇ ಕೇಳಿಸುತ್ತವೆ. ಹೆಂಗಸರದ್ದು, ಮಕ್ಕಳದ್ದು, ವಿಸಿಲಿನದ್ದು ಹೋಗಿಬಿಡುತ್ತದೆ. ಆದ್ದರಿಂದ ಕಿವಿ ಹೋದವನಿಗೆ ತನ್ನ ಕಿವಿ ಹೋದದ್ದು ತಿಳಿಯುವುದೇ ಇಲ್ಲ. ಇದನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತೇನೆ.

ಸಂಜೆ ಅಣ್ಣನನ್ನು ಜಗಲಿಯಲ್ಲಿ ಕೂರಿಸಿ, ಸದ್ದು ಬಂದಾಗಲೆಲ್ಲ ಕೈ ಎತ್ತು ಎಂದೆ. ಎಲ್ಲದಕ್ಕೂ ಎತ್ತಿದ. ನನಗೆ ಸಂಶಯ ಬಂದು, ಸದ್ದು ಇಡದೆ ಬರೀ ಬೆರಳು ಒತ್ತಿದೆ. ಅದಕ್ಕೂ ಎತ್ತಿದ!

“ಅಣ್ಣ, ನೀನು ನನ್ನ ಬೆರಳು ನೋಡಿ ಕೈ ಎತ್ತುವುದು.”

“ಮತ್ತೆ ಎಂಥ ನೋಡ್ಬೇಕು? ನಾನೇನು ನಿನ್ನ ಡಾಲ್ಫಿನಾ? ಲೈಸನ್ಸಿಗೆ ಡಾಕ್ಟ್ರು ಸೈನ್ ಹಾಕಿದ್ದಾರೆ, ಗೊತ್ತುಂಟಾ?”

ಆ ಡಾಕ್ಟರು ಸೈನ್ ಹಾಕಿದ ಚಂದವನ್ನೂ ನಾನು ಕೇಳಿ ತಿಳಿದುಕೊಂಡೆ. ಎದುರು ಕೂರಿಸಿ, ದಪ್ಪ ದನಿಯಲ್ಲಿ, “ಪ್ರಾಯ ಎಷ್ಟು?” ಎಂದರಂತೆ. ಇವನು ಐವತ್ತೆರಡು ಎಂದ. ಕಿವಿ ಪಾಸು! ಬಾಯಿ ನೋಡಿ ಮಾತು ಹಿಡಿಯುವವನಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಲೋಕದಲ್ಲಿ ಇಲ್ಲ.

ಮರುದಿನ ಕಂಡಕ್ಟರನ್ನು ಹಿಡಿದೆ. ಅಣ್ಣನಿಗಿಂತ ಹಿರಿಯರು, ಅದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಜೊತೆಗಿದ್ದ ಬ್ಯಾರಿ ಸಾಹೇಬರು. ನನ್ನ ಮಾತು ಮುಗಿಯುವ ಮೊದಲೇ ನಕ್ಕರು.

“ನಿಮಗೆ ಈಗ ಗೊತ್ತಾದದ್ದಾ ಟೀಚರೆ? ನನಗೆ ಗೊತ್ತಾಗಿ ಆರು ವರ್ಷ ಆಯ್ತು. ವಿಸಿಲ್ ನಾನು ಊದುದೇ ಇಲ್ಲ, ನೋಡಿದ್ದೀರಾ?”

ನೋಡಿರಲಿಲ್ಲ. ದಿನಕ್ಕೆ ಎರಡು ಸಲ ಆ ಬಸ್ಸಿನಲ್ಲಿ ಕುಳಿತ ನಾನು ನೋಡಿರಲಿಲ್ಲ. ಎಲ್ಲ ಬಸ್ಸಿನಲ್ಲೂ ಒಂದು ವಿಸಿಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಈ ಬಸ್ಸಿನಲ್ಲಿ ಸಾಹೇಬರು ಹಿಂದಿನ ಬಾಗಿಲಿನ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದರು, ಒಂದಕ್ಕೆ ನಿಲ್ಲು, ಎರಡಕ್ಕೆ ‘ರೈಟ್, ಪೋಯಿ’, ಅಂದರೆ ಇನ್ನು ಹೋಗುವ ಎಂದು. ಆ ಪೆಟ್ಟು ಬಸ್ಸಿನ ಮೈಯಿಡೀ ಹರಿದು ಅಣ್ಣನ ಸೀಟಿಗೂ ಬೆನ್ನಿಗೂ ತಲುಪುತ್ತಿತ್ತು. ಜೊತೆಗೆ ಕೆಂಪು ಟವೆಲಿನ ಕೈಯನ್ನು ಹೊರಗೆ ಚಾಚಿ ಕನ್ನಡಿಯಲ್ಲಿ ಕಾಣಿಸುತ್ತಿದ್ದರು. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡಿಕೊಂಡಿರಲಿಲ್ಲವಂತೆ. ತನ್ನಷ್ಟಕ್ಕೆ ಆದ ಏರ್ಪಾಡು.

“ನಾನು ಇದ್ದೇನಲ್ಲ ಟೀಚರೆ. ನೀವು ಸುಮ್ಮನೆ ತಲೆಬಿಸಿ ಮಾಡಬೇಡಿ” ಎಂದರು.

ತಲೆಬಿಸಿ ಮಾಡಬೇಕಾದ ಹೊತ್ತಿನಲ್ಲಿ ನಾನು ಮೆಚ್ಚಿಕೊಂಡೆ. ದವಡೆಯಿಂದ ಕೇಳುವ ಪ್ರಾಣಿಯನ್ನು ಹುಡುಕಿಕೊಂಡು ಸಮುದ್ರಕ್ಕೆ ಹೋಗಿದ್ದೆ, ಬೆನ್ನಿನಿಂದ ಕೇಳುವವನು ಮನೆಯಲ್ಲೇ ಇದ್ದಾನೆ ಎಂದು ಖುಷಿಪಟ್ಟೆ. ‘ನನಗೆ ಪರಿಚಯದ ಒಬ್ಬರು ಚಾಲಕರು’ ಎಂದು ತರಗತಿಯಲ್ಲಿ ಉದಾಹರಣೆ ಕೊಟ್ಟೆ. ಮಕ್ಕಳು ಬರೆದುಕೊಂಡರು. ಅಷ್ಟು ದೊಡ್ಡ ವಿಜ್ಞಾನಿ ನಾನು.

ಆಮೇಲೆ ಬಸ್ಸಿನ ಧಣಿಗಳು ಹೇಳಿಕಳುಹಿಸಿದರು. ಕೆಟ್ಟವರಲ್ಲ, ಹಳೆಯ ಮನೆತನದ ಮೃದು ಮನುಷ್ಯ. ಹಿಂದಿನ ಕಾರಿಗೆ ಸೈಡ್ ಕೊಡಲಿಲ್ಲ, ಎಷ್ಟು ಹಾರ್ನ್ ಹಾಕಿದರೂ ಲೆಕ್ಕಕ್ಕಿಲ್ಲ ಎಂದು ಅಣ್ಣನ ಮೇಲೆ ಯಾರೋ ದೂರು ಹೇಳಿದ್ದರು.

“ನೀವು ಹೇಗೂ ಕಿವಿಯ ಡಾಕ್ಟ್ರು. ಅಣ್ಣನ ಕಿವಿ ಸರಿ ಉಂಟು ಅಂತ ಒಂದು ಚೀಟಿ ಬರೆದುಕೊಡಿ. ನನಗೆ ಅಷ್ಟೇ ಸಾಕು” ಎಂದರು.

ಊರಿನ ಎಲ್ಲರಿಗೂ ಹೇಳುವ ಮಾತನ್ನು, ನಾನು ಕಿವಿಯ ಡಾಕ್ಟರಲ್ಲ ಎಂಬ ಮಾತನ್ನು, ಅಲ್ಲಿ ಮಾತ್ರ ಹೇಳಲಿಲ್ಲ. ಹಿಂದಿನ ದಿನ ಅಣ್ಣ, “ಸ್ಟೇರಿಂಗ್ ಬಿಟ್ರೆ ನಾನು ಯಾರು ಹೇಳು?” ಎಂದು ಕೇಳಿದ್ದ. ಕೇಳುವಾಗ ನನ್ನ ಮುಖ ನೋಡಿರಲಿಲ್ಲ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ‘ಇವರ ಶ್ರವಣಶಕ್ತಿಯು ಇವರ ವೃತ್ತಿಗೆ ತಕ್ಕಷ್ಟಿದೆ’ ಎಂದು ಬರೆದು, ಕೆಳಗೆ ‘ಡಾ.’ ಎಂದು ದೊಡ್ಡದಾಗಿ ಹಾಕಿ ಸಹಿ ಮಾಡಿದೆ. ಒಂದೂ ಸುಳ್ಳಿಲ್ಲದ ವಾಕ್ಯ ಎಂದು ಆಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ನಾಲ್ಕು ತಿಂಗಳ ಬಳಿಕ ಸಾಹೇಬರು ಮನೆಯವರ ಜೊತೆ ಮೆಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೋದರು. ಅವರ ಬದಲಿಗೆ ಬಂದವನು ನಲವತ್ತು ದಾಟಿದವನು, ಮೊದಲು ಹೆಂಚಿನ ಕಾರ್ಖಾನೆಯಲ್ಲಿದ್ದವನು, ಪ್ರತಿಯೊಂದನ್ನೂ ಹೇಳಿಕೊಟ್ಟಂತೆಯೇ ಮಾಡುವವನು. ವಿಸಿಲನ್ನು ಕೊರಳಿಗೆ ಹಾಕಿಕೊಂಡೇ ಬಂದ. ಹೊರಡುವ ಮುಂಚೆ ಸಾಹೇಬರು ಅವನಿಗೆ, “ಬಾಗಿಲಿಗೆ ಬಡಿ, ಡ್ರೈವರಿಗೆ ಅದೇ ಅಭ್ಯಾಸ” ಎಂದಿದ್ದರಂತೆ. ನಿಜ ಕಾರಣ ಹೇಳಿದರೆ ಗೆಳೆಯನ ಮಾನ ಹೋಗುತ್ತದಲ್ಲ! ಇವನು ಸಾಧಾರಣವಾಗಿ ಬಡಿದ. ಅವಸರ ಬಂದಾಗ ಮಾತ್ರ ಯಾವ ಕಂಡಕ್ಟರೂ ಮಾಡುವುದನ್ನೇ ಮಾಡಿದ.

ಅದು ಮಧ್ಯಾಹ್ನದ ಖಾಲಿ ಟ್ರಿಪ್ಪು. ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಡಲು ಹೊರಟ ಒಬ್ಬ ಅಜ್ಜಿ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದಳು. ಒಂದು ಕಾಲು ನೆಲದಲ್ಲಿ, ಇನ್ನೊಂದು ಮೆಟ್ಟಿಲಲ್ಲಿ. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲ, ಇಳಿದಾಯಿತೆಂದುಕೊಂಡು ಎರಡು ಪೆಟ್ಟಿಗೂ ಕಾಯದೆ ಅಣ್ಣ ಬಸ್ಸು ಬಿಟ್ಟ. ಕಂಡಕ್ಟರನ ಒಂದು ಕೈ ಅಜ್ಜಿಯ ರಟ್ಟೆಯಲ್ಲಿ, ಇನ್ನೊಂದು ಸರಳಿನಲ್ಲಿ. ಬಡಿಯಲು ಕೈಯೆಲ್ಲಿ? ಬಾಯಲ್ಲಿದ್ದ ವಿಸಿಲನ್ನು ಉಸಿರಿದ್ದಷ್ಟು ಊದಿದ. ಬಸ್ಸು ನಿಲ್ಲಲಿಲ್ಲ. ಅಜ್ಜಿ ಬಿದ್ದಳು, ಬೀಡಿಯ ಕಟ್ಟುಗಳು ರಸ್ತೆಯಿಡೀ ಚೆಲ್ಲಿದವು, ಸೊಂಟದ ಎಲುಬು ಮುರಿಯಿತು.

ಬಸ್ಸಿನಲ್ಲಿ ಇದ್ದವರು ಇನ್ನಿಬ್ಬರು. ಒಬ್ಬ ನಿದ್ದೆಯಲ್ಲಿದ್ದ. ಇನ್ನೊಬ್ಬಳು ಎರಡು ಕಿವಿಗೂ ಬೆಣೆ ಜಡಿದುಕೊಂಡು ಮೊಬೈಲಿನಲ್ಲಿ ಮುಳುಗಿದ್ದ ವಿದ್ಯಾರ್ಥಿನಿ, ನಮ್ಮ ಕಾಲೇಜಿನವಳೇ. ವಿಸಿಲ್ ಕೇಳಿದೆಯಾ ಎಂದರೆ ‘ಇಲ್ಲ’ ಎಂದಳು. ಪಾಪ, ಅವಳಿಗೆ ಸಿಡಿಲು ಹೊಡೆದರೂ ಕೇಳಿಸುತ್ತಿರಲಿಲ್ಲ. ಅಜ್ಜಿ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅಣ್ಣ ದೇವರ ಮೇಲೆ ಆಣೆ ಹಾಕಿ, ಇವನು ಊದಲೇ ಇಲ್ಲ ಎಂದ. ಅವನು ಸುಳ್ಳು ಹೇಳಲಿಲ್ಲ, ಅವನ ಪಾಲಿಗೆ ಅದು ಸತ್ಯ. ಧಣಿಗಳು ಕಪಾಟಿನಿಂದ ನನ್ನ ಚೀಟಿಯನ್ನು ತೆಗೆದು ಓದಿದರು. ಡ್ರೈವರಿನ ಕಿವಿ ಸರಿ ಉಂಟು ಎಂದು ಡಾಕ್ಟರೇ ಬರೆದ ಮೇಲೆ ಊದದೇ ಇದ್ದವನು ಕಂಡಕ್ಟರೇ ಅಲ್ಲವೇ? ಅವನನ್ನು ಅಂದೇ ತೆಗೆದುಹಾಕಿದರು.

ಇಷ್ಟೆಲ್ಲ ತಿಳಿದೂ ನಾನು ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅತ್ತಿಗೆಯ ಜೊತೆ ಆಸ್ಪತ್ರೆಗೆ ಹೋಗಿ ಅಜ್ಜಿಗೆ ಗಂಜಿ ಕೊಟ್ಟುಬಂದೆ, ಅದೇ ದೊಡ್ಡ ಪ್ರಾಯಶ್ಚಿತ್ತ ಎಂಬ ಹಾಗೆ.

ಭಾನುವಾರ ಬೆಳಿಗ್ಗೆ ಆ ಕಂಡಕ್ಟರು ನಮ್ಮ ಜಗಲಿಗೆ ಬಂದ. ಅಣ್ಣ ಬಸ್ಸಿಗೆ ಹೋಗಿದ್ದ. ಇವನು ಬೈಯಲಿಕ್ಕೆ ಬಂದದ್ದು, ಬೈದರೆ ಬೈಯಲಿ ಎಂದುಕೊಂಡು ಹೊರಗೆ ಬಂದೆ. ಅವನು ಬೈಯಲಿಲ್ಲ.

“ಮೇಡಂ, ನಾನು ಊದಿದ್ದೇನೆ. ಆದರೆ ನೀವು ಮೆಷಿನ್ ಹಾಕಿ ನೋಡಿಯೇ ಬರೆದದ್ದು ಅಂತ ಧಣಿಗಳು ಹೇಳಿದ್ರು. ಅವರ ಕಿವಿ ಸರಿ ಇದ್ರೆ ನಾನು ಊದುದರಲ್ಲೇ ಎಂಥದೋ ಐಬು ಇರ್ಬೇಕು. ಸ್ವಲ್ಪ ನೋಡ್ತೀರಾ?”

ಹೀಗೆಂದು, ನಾನು ಬೇಡ ಎನ್ನುವುದರೊಳಗೆ ಊದಿದ. ಹಟ್ಟಿಯಲ್ಲಿದ್ದ ನಾಯಿ ಎದ್ದು ಬೊಗಳಿತು, ಅತ್ತಿಗೆ ಒಳಗಿನಿಂದ ಓಡಿಬಂದಳು. ಅವನು ವಿಸಿಲನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಮುಖವನ್ನೇ ನೋಡಿದ.

“ಕೇಳಿಸ್ತಾ ಮೇಡಂ?”

ಜೀವಮಾನದಲ್ಲಿ ಎಷ್ಟೋ ಬೆಪ್ಪುತಕ್ಕಡಿಗಳನ್ನು ಕಂಡು ಮೂಗು ಮುರಿದವಳು ನಾನು. ಅಂದು ಜಗಲಿಯಲ್ಲಿದ್ದ ಮೂವರಲ್ಲಿ ಬೆಪ್ಪಳೆಂದು ಮೂಗು ಮುರಿಸಿಕೊಳ್ಳಲು ಯೋಗ್ಯಳಾದವಳು ನಾನೊಬ್ಬಳೇ. “ನಿಮ್ಮ ಊದುವಿಕೆಯಲ್ಲಿ ಎಂಥದೂ ಐಬಿಲ್ಲ. ನಾಳೆ ಬೆಳಿಗ್ಗೆ ಬಸ್ಸಿನ ಶೆಡ್ಡಿಗೆ ಬನ್ನಿ” ಎಂದೆ.

ಧಣಿಗಳಿಗೆ ಫೋನಿನಲ್ಲೇ ಚೀಟಿ ಸುಳ್ಳು ಎಂದೆ. ಅವರು ನಂಬಲಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ಹೇಳುತ್ತಿದ್ದೇನೆ, ಜಾಗದ ತಕರಾರು ಏನಾದರೂ ಇರಬೇಕು ಎಂದು ಅವರಿಗೆ ಅನಿಸಿತಂತೆ! ಹಾಗಾದರೆ ನಿಮ್ಮ ಕಣ್ಣೆದುರೇ ಪರೀಕ್ಷೆ ಆಗಲಿ ಎಂದೆ. ಅಣ್ಣನಿಗೆ ಹೇಳಿದಾಗ ಅವನು ಹೆದರಲಿಲ್ಲ, ಹುರುಪುಗೊಂಡ. “ಆಗ್ಲಿ, ಊದ್ಲಿ. ಸುಳ್ಳು ಯಾರದ್ದು ಅಂತ ಧಣಿಗಳೇ ನೋಡ್ಲಿ” ಎಂದು ಇಸ್ತ್ರಿ ಹಾಕಿದ ಖಾಕಿ ತೊಟ್ಟು ಹೊರಟ.

ಶೆಡ್ಡಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅಣ್ಣನನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಈ ಸಲ ನನ್ನ ಬೆರಳು, ಬಾಯಿ, ಕನ್ನಡಿ ಒಂದೂ ಕಾಣದ ಹಾಗೆ. ವಿಸಿಲ್ ಕೇಳಿದಾಗ ಕೈ ಎತ್ತು ಎಂದು ಅವನ ಎದುರು ನಿಂತು ಬಿಡಿಸಿ ಹೇಳಿ ಹಿಂದೆ ಬಂದೆ. ಧಣಿಗಳು, ಇಬ್ಬರು ಮೆಕ್ಯಾನಿಕ್ಕುಗಳು, ನಾನು, ನಾವೆಲ್ಲ ಅವನ ಬೆನ್ನ ಹಿಂದೆ. ಕಂಡಕ್ಟರಿಗೆ ಸನ್ನೆ ಮಾಡಿದೆ. ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಊದಿದ. ಮೆಕ್ಯಾನಿಕ್ಕಿನ ಕೈಯಿಂದ ಸ್ಪಾನರ್ ಬಿತ್ತು. ಅಣ್ಣ ಕದಲಲಿಲ್ಲ. ಎರಡನೆಯ ಸಲ ಊದಿದ. ಅಣ್ಣ ಕಾಲರು ಸರಿಮಾಡಿಕೊಂಡ. ಮೂರನೆಯ ಸಲ ಊದುವಾಗ ಕಂಡಕ್ಟರನ ಕಣ್ಣಲ್ಲಿ ನೀರಿತ್ತು. ಧಣಿಗಳು ಸಾಕು ಎಂಬಂತೆ ಕೈ ಅಡ್ಡ ಹಿಡಿದು ತಲೆ ತಗ್ಗಿಸಿದರು.

“ಊದ್ಲಿಕ್ಕೆ ಹೇಳು ಮಾರಾಯ್ತಿ” ಎಂದ ಅಣ್ಣ ಗೋಡೆಯ ಕಡೆಗೆ. “ಎಷ್ಟು ಹೊತ್ತು ಕಾಯುವುದು? ಧೈರ್ಯ ಇಲ್ವಾ ಅವನಿಗೆ?”

ನಾನು ಸುತ್ತಿ ಬಂದು ಅವನ ಎದುರು ಕುಕ್ಕರುಗಾಲಿನಲ್ಲಿ ಕುಳಿತೆ. ಅವನ ಮಂಡಿಯ ಮೇಲೆ ಕೈಯಿಟ್ಟೆ. ಅವನು ನನ್ನ ಮುಖವನ್ನು ನೋಡಿದ, ತುಂಬ ಹೊತ್ತು ನೋಡಿದ. ಎತ್ತಲು ಸಿದ್ಧವಾಗಿದ್ದ ಕೈ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು.

“ಊದಿ ಆಯ್ತಾ?” ಎಂದು ಕೇಳಿದ.